ಉಪ್ಪಿನ ವ್ಯಾಪಾರಿಯ ಹೊಟ್ಟೆನೋವು

“ಅವ್ವಾ, ಆಟಕ್ಕೆ ಕೂತವರನ್ನು ನಿಜವಾಗಿ ಹೆದರಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವ್ವ ಕತೆಯಾಟ ಕಲಿಸುವವಳು. ಕತೆಯಾಟದಲ್ಲಿ ಒಬ್ಬರು ಕತೆ ನಡೆಸುತ್ತಾರೆ. ಸುತ್ತ ಕೂತವರು ಒಂದೊಂದು ಪಾತ್ರ ಹಿಡಿದು, ತಮ್ಮ ಪಾತ್ರ ಏನು ಮಾಡುತ್ತದೆಂದು ತಾವೇ ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಅವ್ವ ಈ ಆಟವನ್ನು ಹಲವು ಊರುಗಳಲ್ಲಿ, ಅರ್ಧಂಬರ್ಧ ಬರುವ ಹಲವು ಭಾಷೆಗಳಲ್ಲಿ ನಡೆಸಿದ್ದಳು. ಶಿಷ್ಯನಿಗೆ ಕರಾಳ ಕತೆಗಳೆಂದರೆ ಪ್ರಾಣ.

“ಹೆದರಿಸುವುದೇನು ಮಹಾ? ಹಗ್ಗ ಬಿಚ್ಚಿಕೊಂಡ ಎಮ್ಮೆಯೂ ಹೆದರಿಸುತ್ತದೆ” ಎಂದಳು ಅವ್ವ. “ಕೂತುಕೋ. ಒಬ್ಬ ಕತೆಗಾರನ ವಿಷಯ ಹೇಳುತ್ತೇನೆ.”

ಒಂದು ಬಂದರಿನ ಊರಿಗೆ ಒಬ್ಬ ಕತೆಗಾರ ಬಂದ. ಛತ್ರದ ಹಿಂದಿನ ಕೋಣೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಆಟ ನಡೆಸುತ್ತಿದ್ದ. ಹಗಲಿನಲ್ಲಿ ಹೆದರಿಸಲಾರದವನು ಕತೆಗಾರನೇ ಅಲ್ಲ ಎಂಬುದು ಅವನ ಜಂಬ. ಅವನ ನಿಯಮ ಒಂದೇ. ಕಿಟಕಿ ಮುಚ್ಚಿದ ಮೇಲೆ ಎಲ್ಲರೂ ಪಾತ್ರವಾಗಿಯೇ ಮಾತಾಡಬೇಕು. ಪಾತ್ರ ಬಿಟ್ಟು ಮಾತಾಡಿದವನಿಗೆ ಮರುದಿನದಿಂದ ಚಾಪೆಯಿಲ್ಲ.

ಆಟಕ್ಕೆ ಬರುತ್ತಿದ್ದವರು ಒಬ್ಬ ಅಂಬಿಗ, ಒಬ್ಬ ಕುಂಬಾರಗಿತ್ತಿ, ಒಬ್ಬ ಉಪ್ಪಿನ ವ್ಯಾಪಾರಿ. ಅಂಬಿಗ ಕಡಿಮೆ ಮಾತಿನವನು. ಉಪ್ಪಿನ ವ್ಯಾಪಾರಿಯೋ, ಎದುರಿಗೆ ಪ್ರೇತ ಬಂದು ನಿಂತರೂ ಅದಕ್ಕೆ ಊಟವಾಯಿತೇ ಎಂದು ಕೇಳುವವನು. ಅದನ್ನೂ ಪಾತ್ರವಾಗಿಯೇ ಕೇಳುತ್ತಿದ್ದುದರಿಂದ ಕತೆಗಾರ ಹಲ್ಲು ಕಚ್ಚಿ ಸಹಿಸುತ್ತಿದ್ದ.

ಕತೆಗಾರನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಎಷ್ಟೋ ವರ್ಷಗಳ ಹಿಂದೆ ಆ ಸೀಮೆಯಲ್ಲಿ ಸಿಡುಬು ಹರಡಿದಾಗ ಕುಂಬಾರಗಿತ್ತಿಯ ಅಕ್ಕನ ಮಗಳು ಪಕ್ಕದ ಊರಿನಿಂದ ಒಬ್ಬಳೇ ನಡೆದು ಬಂದು ಅವಳ ಬಾಗಿಲು ತಟ್ಟಿದ್ದಳು. ಕುಂಬಾರಗಿತ್ತಿ ಕಿಂಡಿಯಿಂದ ನೋಡಿದಳು. ಹುಡುಗಿಯ ಮುಖದ ತುಂಬ ಗುಳ್ಳೆ. ಒಳಗೆ ಅವಳ ಸ್ವಂತ ಮಕ್ಕಳು ಆಡುತ್ತಿದ್ದವು. ಅವಳು ಅಗುಳಿ ತೆಗೆಯಲಿಲ್ಲ. ತಟ್ಟುವ ಸದ್ದು ನಿಂತುಹೋಯಿತು. ಅವಳ ಮಕ್ಕಳು ಉಳಿದವು, ಹುಡುಗಿ ಉಳಿಯಲಿಲ್ಲ. ಮಾಡಿದ್ದು ತಪ್ಪು ಎಂದು ಊರಿನವರು ಯಾರೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಅವಳು ಆ ಅಗುಳಿಯನ್ನು ಕಿತ್ತು ಒಲೆಗೆ ಹಾಕಿದಳು. ಅಷ್ಟು ವರ್ಷ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕತೆಯಾಟಕ್ಕೆ ಬರುತ್ತಿದ್ದಳು, ಅಲ್ಲಿ ಸ್ವಲ್ಪ ಹೊತ್ತು ಬೇರೆ ಯಾರೋ ಆಗಿರಬಹುದಿತ್ತು.

ಒಂದು ಮಧ್ಯಾಹ್ನ ಕತೆಗಾರ ಹೊಸ ಕತೆ ಎತ್ತಿದ. ಒಂದು ಕೋಟೆ. ಹೊರಗೆ ಮಹಾಮಾರಿ. ಒಳಗಿರುವವರು ಹೆಬ್ಬಾಗಿಲು ಮುಚ್ಚಿಕೊಂಡಿದ್ದಾರೆ. ಅಂಬಿಗ ಕೋಟೆಯ ವೈದ್ಯನಾದ, ವ್ಯಾಪಾರಿ ಅಡುಗೆಯವನಾದ. ಬಾಗಿಲು ಕಾಯುವ ಪಾತ್ರ ಕುಂಬಾರಗಿತ್ತಿಯ ಪಾಲಿಗೆ ಬಂತು. ಕತೆಗಾರ ದಾಳವನ್ನು ಅವಳ ಕೈಗೆ ಕೊಟ್ಟ. ಬೆರಳ ಗೆಣ್ಣಿನಿಂದ ನೆಲ ತಟ್ಟಿದ. ಮಗುವಿನ ದನಿಯಲ್ಲಿ, “ಬಾಗಿಲು ತೆಗೀರಿ. ನಾನೊಬ್ಬಳೇ ಇದ್ದೀನಿ” ಎಂದ.

ಕುಂಬಾರಗಿತ್ತಿ ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಕಲಿಲ್ಲ. ಉಸಿರು ಮೇಲೆಯೇ ನಿಂತಿತು.

ಕತೆಗಾರ ಹಿಗ್ಗಿದ. ಆಹಾ, ಎಷ್ಟು ಮುಳುಗಿದ್ದಾಳೆ ಅಂದುಕೊಂಡ. ನಮ್ಮ ಕಸುಬಿನವರಿಗೆ ಮಾತ್ರ ಆಗುವ ತಪ್ಪು ಇದು, ಮಗು, ಎಂದಳು ಅವ್ವ. ಬೇರೆಯವರಾಗಿದ್ದರೆ ನೀರು ಕೊಡುತ್ತಿದ್ದರು. ಅವನು ಇನ್ನೂ ಮೆಲ್ಲನೆಯ ದನಿಯಲ್ಲಿ ಕರೆದ, ಇನ್ನೂ ಜೋರಾಗಿ ತಟ್ಟಿದ.

ಆಗ ಉಪ್ಪಿನ ವ್ಯಾಪಾರಿ ಎದ್ದು ಹೋಗಿ ಕಿಟಕಿಯನ್ನು ಧಡಾರನೆ ತೆರೆದ. “ಅಯ್ಯಯ್ಯೋ, ಹೊಟ್ಟೆನೋವು! ಬೆಳಗಿನ ಅವಲಕ್ಕಿ ಒಳಗೆ ದಂಗೆ ಎದ್ದಿದೆ ಸ್ವಾಮಿ. ನಿಮ್ಮ ಕೋಟೆಯಲ್ಲಿ ಎಲ್ಲ ಇದೆ, ಒಂದಿಷ್ಟು ಗಾಳಿ ಮಾತ್ರ ಇಲ್ಲ.”

“ಇಂಥ ಹೊತ್ತಿನಲ್ಲಿ ಕೆಡಿಸಿದೆಯಲ್ಲೋ ಮಾರಾಯ! ಇನ್ನು ಈ ಕಡೆ ತಲೆ ಹಾಕಬೇಡ” ಎಂದು ಕತೆಗಾರ ಕಿರುಚಿದ.

ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ಹೊರಟ. ಆ ಗಲಾಟೆಯಲ್ಲಿ ಕುಂಬಾರಗಿತ್ತಿಯೂ ಎದ್ದು ಹೋದಳು. ದಾಳ ಅವಳ ಮುಷ್ಟಿಯಲ್ಲೇ ಹೋಯಿತು.

ಮರುದಿನ ಕತೆಗಾರ ಅವಳ ಮನೆ ಹುಡುಕಿಕೊಂಡು ಹೋದ. ಅವಳನ್ನು ನೋಡಲು ಅಲ್ಲ, ದಾಳಕ್ಕಾಗಿ. ಬಾಗಿಲು ತಟ್ಟಲು ಕೈ ಎತ್ತಿದ. ಮುಟ್ಟಿದ ಮಾತ್ರಕ್ಕೆ ಅದು ತೆರೆದುಕೊಂಡಿತು.

“ಏನಮ್ಮಾ, ಬಾಗಿಲಿಗೆ ಅಗುಳಿಯೇ ಇಲ್ಲವಲ್ಲ?” ಎಂದ.

ಅವಳು ಅವನ ಮುಖ ನೋಡಿದಳು. ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

ಕತೆಗಾರ ಹೊಸ್ತಿಲಲ್ಲೇ ಕೂತ. “ತಪ್ಪಾಯಿತು ತಾಯಿ. ಆ ಕತೆಯನ್ನು ಇನ್ನು ಎಂದೂ ಎತ್ತುವುದಿಲ್ಲ.”

“ಹಾಗೆ ಮಾಡಬೇಡಿ” ಎಂದಳು ಅವಳು. “ನೀವು ಅಲ್ಲಿಗೇ ಬಿಟ್ಟರೆ ನಾನು ಆ ಬಾಗಿಲ ಹಿಂದೆಯೇ ನಿಂತಿರಬೇಕಾಗುತ್ತದೆ. ಕತೆ ಮುಂದುವರಿಸಿ. ಆದರೆ ಉಪ್ಪಿನವನನ್ನು ಕರೆಸಿ. ಅವನಿಲ್ಲದೆ ನಾನು ಬರುವುದಿಲ್ಲ.”

“ಹೊಟ್ಟೆನೋವಿನವನೇ?”

“ಎಂಥ ಹೊಟ್ಟೆನೋವು ಸ್ವಾಮಿ! ಅವನದು ಪಕ್ಕದ ಮನೆ. ಅವತ್ತು ಹುಡುಗಿ ತಟ್ಟಿದ ಸದ್ದು ಅವನಿಗೂ ಕೇಳಿಸಿತ್ತು.”

ಕತೆಗಾರ ಉಪ್ಪಿನ ಅಂಗಡಿಗೆ ಹೋಗಿ ವ್ಯಾಪಾರಿಯನ್ನು ಕರೆದುಕೊಂಡು ಬಂದ. ಅವನ ಚಾಪೆಯನ್ನು ಕಿಟಕಿಯ ಪಕ್ಕದಲ್ಲೇ ಹಾಸಿದ. ಯಾರಿಗೆ ಬೇಕೆನಿಸಿದರೂ, ಯಾವಾಗ ಬೇಕೆನಿಸಿದರೂ ಕಿಟಕಿ ತೆರೆಯಬಹುದು, ಕಾರಣ ಕೇಳುವುದಿಲ್ಲ ಎಂದ. ಆಮೇಲೆ ಕೋಟೆಯ ಕತೆ ಬಿಟ್ಟಲ್ಲಿಂದ ಶುರುವಾಯಿತು. ಈ ಸಲ ಅವನು ಒಂದೇ ಸಲ, ಮೆಲ್ಲಗೆ ತಟ್ಟಿದ.

“ತೆಗೆಯುತ್ತೇನೆ” ಎಂದಳು ಕುಂಬಾರಗಿತ್ತಿ.

ಸಮ ಬಿದ್ದರೆ ಮಗು ಮಾತ್ರ ಒಳಗೆ ಬರುತ್ತದೆ, ಬೆಸ ಬಿದ್ದರೆ ಜೊತೆಗೆ ರೋಗವೂ ಬರುತ್ತದೆ ಎಂದ ಕತೆಗಾರ. ಅವಳು ದಾಳ ಹಾಕಿದಳು. ಬೆಸ ಬಿತ್ತು. ಕತೆಗಾರನ ಕೈ ತಾನಾಗಿಯೇ ದಾಳದ ಕಡೆ ಹೋಯಿತು, ಮೆಲ್ಲಗೆ ಮಗುಚಿಬಿಡೋಣವೆಂದು. ಅವಳು ತಡೆದಳು.

“ಬೇಡ. ದಾಳ ಸುಳ್ಳಾದರೆ ನಾನು ಬಾಗಿಲು ತೆಗೆದದ್ದೂ ಸುಳ್ಳಾಗುತ್ತದೆ. ಏನು ಬರುತ್ತದೆಂದು ನನಗೆ ಗೊತ್ತು. ಬರಲಿ. ಅವಳು ಒಳಗೆ ಬರಲಿ.”

ಆಮೇಲೆ ಅಂಬಿಗ, “ವೈದ್ಯ ನೀರು ತಂದು ಮಗುವಿನ ಮುಖ ಒರೆಸುತ್ತಾನೆ” ಎಂದ. ಉಪ್ಪಿನ ವ್ಯಾಪಾರಿ, “ಅಡುಗೆಯವನು ಗಂಜಿ ಕಾಯಿಸುತ್ತಾನೆ. ಇಷ್ಟು ಜನ ಒಟ್ಟಿಗೆ ಸಾಯುವಾಗ ಗಂಜಿ ಸಪ್ಪೆ ಇರಬಾರದು” ಎಂದ. ಕುಂಬಾರಗಿತ್ತಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೆನೆಂದಳು. ಒಬ್ಬರೂ ಮಗುವಿನ ಬಳಿಯಿಂದ ತಮ್ಮ ಪಾತ್ರವನ್ನು ದೂರ ಕಳಿಸಲಿಲ್ಲ. ಕತೆಯಲ್ಲಿ ಮಗು ಸತ್ತಿತು. ವೈದ್ಯ, ಅಡುಗೆಯವನು, ಬಾಗಿಲು ಕಾಯುವವಳು ಎಲ್ಲರೂ ಸತ್ತರು. ಕುಂಬಾರಗಿತ್ತಿ ಗೋಳೋ ಎಂದು ಅತ್ತಳು. ಉಳಿದವರೂ ಅತ್ತರು. ಕಿಟಕಿಯನ್ನು ಯಾರೂ ತೆರೆಯಲಿಲ್ಲ. ಕೊನೆಗೆ ಅವಳೇ ಎದ್ದು ತೆರೆದಳು.

ಅವಳು ಒಬ್ಬೊಬ್ಬರಿಗೂ ಕೈ ಮುಗಿದಳು. “ನನ್ನ ಜೊತೆ ಸತ್ತಿರಿ. ಈ ಋಣ ದೊಡ್ಡದು” ಎಂದಳು. ಅಂಬಿಗ ನಾಚಿ ತಲೆ ತಗ್ಗಿಸಿದ. ಕತೆಗಾರ ವ್ಯಾಪಾರಿಯ ಮುಂದೆ ಬಂದು ತಾನೂ ಕೈ ಮುಗಿದ.

“ನನಗೇಕೆ ಸ್ವಾಮಿ?” ಎಂದ ವ್ಯಾಪಾರಿ. “ನನಗೆ ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತು.”

ಅವ್ವ ಕತೆ ನಿಲ್ಲಿಸಿದಳು. “ನನ್ನ ಆಟದಲ್ಲೂ ಅಂಥವನೊಬ್ಬ ಇದ್ದ, ಅವ್ವಾ” ಎಂದ ಶಿಷ್ಯ. “ಕತೆ ಬಿಗಿಯಾದಾಗಲೆಲ್ಲ ನಗುತ್ತಿದ್ದ. ಮೊನ್ನೆ ತಾನೇ ಬರಬೇಡ ಅಂದುಬಿಟ್ಟೆ.”

ಅವ್ವ ಕೇಳಿದಳು, “ಅವನು ನಕ್ಕಾಗ ಪಕ್ಕದಲ್ಲಿ ಕೂತಿದ್ದವರು ಯಾರು?”