ಕಂಬ ಹತ್ತುವವಳು ನೀರಿಗಿಳಿದದ್ದು

"ಗುರುಗಳೇ, ಕಲಿತದ್ದು ಸಾಕು ಎಂದು ಮನುಷ್ಯನಿಗೆ ಯಾವಾಗ ತಿಳಿಯುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಹದಿನಾಲ್ಕು ವರ್ಷ ಶಾಸ್ತ್ರ ಓದಿದವನು. ಅವನ ಪ್ರವಚನವಿದ್ದರೆ ಸಭೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಠದಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ಒಂದು ಶಾಲೆಯಿತ್ತು. ಹೋಗಿ ಸನ್ನೆ ಭಾಷೆ ಕಲಿ ಎಂದು ಗುರುಗಳು ಒಂದು ವಾರದ ಹಿಂದೆ ಅವನಿಗೆ ಹೇಳಿದ್ದರು. ಆರು ದಿನ ಅವನು ಕೊನೆಯ ಬೆಂಚಿನಲ್ಲಿ ಕುಳಿತ. ಏಳನೆಯ ದಿನ ಅಲ್ಲಿನ ಶಿಕ್ಷಕಿ ಅವನ ಸನ್ನೆ ತಪ್ಪೆಂದು ಎಲ್ಲರೆದುರು ಅವನ ಹೆಬ್ಬೆರಳು ಹಿಡಿದು ನೆಟ್ಟಗೆ ಮಾಡಿದಳು. ಅವನು ಅಲ್ಲಿಂದ ಎದ್ದು ನೇರವಾಗಿ ಗುರುಗಳ ಬಳಿ ಬಂದಿದ್ದ.

ಗುರುಗಳಿಗೆ ಎಪ್ಪತ್ತೆರಡು ವರ್ಷ. ಅವರು ಅವನ ಮುಖ ನೋಡಿದರು. ಕುಳಿತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಇದೇ ಊರಿನಲ್ಲಿ ಹುಲಿಗೆಮ್ಮ ಎಂಬ ಹೆಣ್ಣುಮಗಳಿದ್ದಾಳೆ. ವಿದ್ಯುತ್ ಕಂಬ ಹತ್ತಿ ತಂತಿ ಸರಿಪಡಿಸುವುದು ಅವಳ ಕೆಲಸ. ಜೊತೆಗಾರರು ಏಣಿ ತರಲು ಹೋಗಿ ಬರುವಷ್ಟರಲ್ಲಿ ಅವಳು ಕೆಲಸ ಮುಗಿಸಿ ಕೆಳಗೆ ನಿಂತಿರುತ್ತಿದ್ದಳು. ನೀನು ಟೀವಿ ನೋಡುವವನಲ್ಲ, ಆದ್ದರಿಂದ ಅವಳ ಹೆಸರು ಕೇಳಿರಲಿಕ್ಕಿಲ್ಲ. ನಾಡಿನಲ್ಲಿ ಉಳಿದವರೆಲ್ಲ ಕೇಳಿದ್ದರು.

ಟೀವಿಯಲ್ಲಿ ಒಂದು ಸ್ಪರ್ಧೆ ನಡೆಯುತ್ತಿತ್ತು. ತೂಗಾಡುವ ಕಬ್ಬಿಣದ ಬಳೆಗಳಿಗೆ ಜೋತುಬಿದ್ದು ದಾಟಬೇಕು, ವಾಲುವ ಹಲಗೆಗಳ ಮೇಲೆ ಓಡಬೇಕು, ಬೆರಳ ದಪ್ಪದ ಅಂಚನ್ನು ಬೆರಳ ತುದಿಯಲ್ಲೇ ಹಿಡಿದು ಪಕ್ಕಕ್ಕೆ ಸರಿಯಬೇಕು. ಕೊನೆಯಲ್ಲಿ ಎರಡಾಳೆತ್ತರದ ಬಾಗಿದ ಗೋಡೆ. ಅದರ ಮೇಲೆ ಒಂದು ಗುಂಡಿ. ಅದನ್ನು ಒತ್ತಿದರೆ ಮುಗಿಯಿತು. ಕೆಳಗೆ ಉದ್ದಕ್ಕೂ ನೀರು. ಕೈ ಜಾರಿ ನೀರಿಗೆ ಬಿದ್ದವನು ಸೋತ. ಬಿದ್ದವನನ್ನು ಮೂರು ಸಲ ತೋರಿಸುತ್ತಿದ್ದರು.

ಹುಲಿಗೆಮ್ಮ ಐದು ವರ್ಷ ಆ ಸ್ಪರ್ಧೆಯಲ್ಲಿ ಆಡಿದಳು. ಅವಳ ಬಟ್ಟೆ ಒಮ್ಮೆಯೂ ಒದ್ದೆಯಾಗಲಿಲ್ಲ. ಅವಳು ಅಂಚಿಗೆ ಜೋತುಬಿದ್ದಾಗ ಕೂಗುವ ಜನ ಸುಮ್ಮನಾಗುತ್ತಿದ್ದರು. ಸಾವಿರ ಮಂದಿ ಕುಳಿತ ಕಡೆ ಅವಳೊಬ್ಬಳ ಉಸಿರು ಕೇಳಿಸುತ್ತಿತ್ತು. ಮನುಷ್ಯನ ಮೈಗೆ ಇದೂ ಸಾಧ್ಯವೇ ಎಂದು ಮನೆಮನೆಯಲ್ಲಿ ಜನ ಊಟದ ತಟ್ಟೆ ಮುಂದಿಟ್ಟುಕೊಂಡು ಕೈ ತೊಳೆಯುವುದನ್ನೇ ಮರೆತು ನೋಡಿದರು.

ಆಗ ಒಂದು ಸುದ್ದಿ ಬಂತು. ಒಲಿಂಪಿಕ್ಸ್‌ನಲ್ಲಿ ಐದು ಆಟಗಳು ಸೇರಿದ ಒಂದು ಸ್ಪರ್ಧೆಯಿದೆ. ಅದರಲ್ಲಿ ಕುದುರೆ ಸವಾರಿಯನ್ನು ತೆಗೆದು ಇಂಥದೇ ಅಡೆತಡೆಯ ಓಟವನ್ನು ಸೇರಿಸಿದರು. ಟೀವಿಯ ಸ್ಪರ್ಧಿಗಳಲ್ಲಿ ಎಂಟು ಜನ ನಾವೂ ಹೋಗುತ್ತೇವೆ ಎಂದು ಹೊರಟರು. ಉಳಿದ ನಾಲ್ಕು ಆಟ ಯಾವುವು ಎಂದು ವಿಚಾರಿಸಿದರು. ಕತ್ತಿವರಸೆ, ಈಜು, ಪಿಸ್ತೂಲಿನ ಗುರಿ, ಓಟ. ಅದನ್ನು ಕೇಳಿ ಐದು ಜನ ವಾಪಸಾದರು. ಇನ್ನಿಬ್ಬರು ಒಂದು ತಿಂಗಳು ಪ್ರಯತ್ನಿಸಿ ಬಿಟ್ಟರು. ಹುಲಿಗೆಮ್ಮ ಉಳಿದಳು. ಅವಳಿಗೆ ಆಗ ಇಪ್ಪತ್ತೆಂಟು ವರ್ಷ. ಅವಳಿಗೆ ಈಜು ಬರುತ್ತಿರಲಿಲ್ಲ.

ಈ ಊರಿನ ಈಜುಕೊಳದಲ್ಲಿ ಖಾಜಾ ಹುಸೇನ್ ಎಂಬ ಮಾಸ್ತರರಿದ್ದಾರೆ. ಹಿಂದೆ ಅವರು ಅಣೆಕಟ್ಟಿನ ಬಾಗಿಲುಗಳನ್ನು ಪರೀಕ್ಷಿಸಲು ನೀರಿನಡಿಗೆ ಮುಳುಗುವ ಕೆಲಸ ಮಾಡುತ್ತಿದ್ದರು. ಹುಲಿಗೆಮ್ಮ ಅವರ ಬಳಿ ಹೋದಳು. ಬೆಳಿಗ್ಗೆ ಆರು ಗಂಟೆಗೆ ಹೊಸಬರ ಪಾಠ. ಹೊಸಬರೆಂದರೆ ಏಳೆಂಟು ವರ್ಷದ ಮಕ್ಕಳು. ಅವಳು ಅವರ ಸಾಲಿನ ಕೊನೆಯಲ್ಲಿ ನಿಂತಳು. ಮಕ್ಕಳು ಅವಳನ್ನು ಟೀವಿಯಲ್ಲಿ ನೋಡಿದ್ದರು. ಇವಳು ನಮ್ಮ ಜೊತೆ ಯಾಕೆ ನಿಂತಿದ್ದಾಳೆ ಎಂದು ಅವರಿಗೆ ಅರ್ಥವಾಗಲಿಲ್ಲ.

ಅವಳು ಸೊಂಟದವರೆಗಿನ ನೀರಿಗೆ ಇಳಿದಳು, ಅಷ್ಟೇ. ಗಾಳಿಯಲ್ಲಿ ಕಂಬದ ತುದಿಗೆ ನಿಂತು ತಂತಿ ಬಿಗಿಯುವವಳು ಕೊಳದ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮಾಸ್ತರರು ಬಿಡಿಸಲು ನೋಡಿದರು. ಆ ಬೆರಳುಗಳನ್ನು ಬಿಡಿಸುವುದು ಯಾರಿಂದಲಾದರೂ ಆದೀತೇ? ಹನ್ನೆರಡು ದಿನ ಹೀಗೇ ಹೋಯಿತು. ಪಕ್ಕದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ತೇಲತೊಡಗಿದರು.

ಹದಿಮೂರನೆಯ ದಿನ ಅವಳು ಮಾಸ್ತರರಿಗೆ ಹೇಳಿದಳು: "ಐದು ವರ್ಷ ನೀರಿಗೆ ಬೀಳಬಾರದು ಅಂತ ಮೈಗೆ ಕಲಿಸೇನ್ರೀ ಸರ್. ಈಗ ಅದು ನನ್ನ ಮಾತು ಕೇಳವಲ್ದು."

ಮಾಸ್ತರರು ಹೇಳಿದರು: "ಹಿಡಿಯೂದು ನಿನಗ ಬರ್ತೈತಿ ಯವ್ವಾ. ನಿನ್ನಷ್ಟು ಚಲೋ ಯಾರಿಗೂ ಬರೂದಿಲ್ಲ. ಬಿಡೂದು ಬರವಲ್ದು. ಅದು ಸಣ್ಣ ವಿದ್ಯಾ ಅಲ್ಲ, ಸಾವಕಾಶ ಕಲಿ."

ಅವಳು ಸಾವಕಾಶವಾಗಿಯೇ ಕಲಿತಳು. ಮೊದಲು ಒಂದು ಬೆರಳು ಬಿಟ್ಟಳು. ಎರಡು ದಿನದ ಮೇಲೆ ಇನ್ನೊಂದು. ನಲವತ್ತನೆಯ ದಿನ ಅಂಗೈ ಬಿಚ್ಚಿ ನೀರಿನ ಮೇಲೆ ಅಂಗಾತ ಮಲಗಿದಳು. ಮಾಸ್ತರರು ಅವಳ ಬೆನ್ನಿನಡಿಯಿಂದ ತಮ್ಮ ಕೈ ತೆಗೆದರು. ಎಷ್ಟು ಹೊತ್ತು ತೇಲುತ್ತಾಳೆಂದು ಎಣಿಸಲು ಹೊರಟವರು ಎಂಟರ ಮೇಲೆ ಎಣಿಸುವುದನ್ನೇ ಮರೆತರು. ಮೂವತ್ತು ವರ್ಷ ನೀರಿನಲ್ಲಿ ಕಳೆದಿದ್ದರೂ, ಇಷ್ಟು ಹೆದರಿದ ಒಂದು ಜೀವ ತನ್ನ ಭಾರವನ್ನೆಲ್ಲ ನೀರಿಗೆ ಒಪ್ಪಿಸುವುದನ್ನು ಅವರು ಅಂದೇ ಮೊದಲು ನೋಡಿದ್ದು. ಅವರ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಅವಳಿಗೆ ತೋರಿಸಲಿಲ್ಲ.

ಉಳಿದ ವಿದ್ಯೆಗಳೂ ಸುಲಭವಾಗಿರಲಿಲ್ಲ. ಕತ್ತಿವರಸೆಯಲ್ಲಿ ಹದಿನಾರು ವರ್ಷದ ಹುಡುಗಿಯರು ಅವಳನ್ನು ಚುಚ್ಚಿ ಚುಚ್ಚಿ ಸೋಲಿಸಿದರು. ಎಡ ಭುಜ ಕಪ್ಪಗಾಯಿತು. ಪ್ರತಿ ಸಲ ಅವಳು ಮುಖವಾಡ ತೆಗೆದು, ನಾನು ಎಲ್ಲಿ ತಪ್ಪಿದೆ ತಂಗಿ ಎಂದು ಆ ಹುಡುಗಿಯರನ್ನೇ ಕೇಳುತ್ತಿದ್ದಳು. ಇಡೀ ಮೈಯನ್ನು ಮೇಲಕ್ಕೆಳೆಯಬಲ್ಲ ತೋಳಿಗೆ ಪಿಸ್ತೂಲು ಹಿಡಿದು ಅಲುಗಾಡದೆ ನಿಲ್ಲುವುದು ಗೊತ್ತಿರಲಿಲ್ಲ. ಹಗಲೆಲ್ಲ ಕಂಬದ ಕೆಲಸ, ಅದರ ಹಿಂದೆ ಮುಂದೆ ಈ ಪಾಠಗಳು. ಹೀಗೆ ಒಂದೂವರೆ ವರ್ಷ.

ದೇಶದ ತಂಡಕ್ಕೆ ಮೂವರನ್ನು ಆರಿಸುವ ಸ್ಪರ್ಧೆ ಬಂತು. ಅಡೆತಡೆಯ ಓಟದಲ್ಲಿ ಅವಳು ಅದುವರೆಗಿನ ಎಲ್ಲರಿಗಿಂತ ಬೇಗ ಗುಂಡಿ ಒತ್ತಿದಳು. ಜನ ಎದ್ದು ನಿಂತರು. ಆಮೇಲೆ ಈಜು. ಇನ್ನೂರು ಮೀಟರು. ನೂರು ಮೀಟರು ಮುಗಿಯುವ ಮೊದಲೇ ಹಳೆಯ ಭಯ ಹಿಂದಿರುಗಿತು. ಅವಳು ಈಜುಗಾರರ ಸಾಲುಗಳ ನಡುವೆ ಕಟ್ಟಿದ ಹಗ್ಗವನ್ನು ಹಿಡಿದುಕೊಂಡಳು. ಬೆರಳುಗಳು ಬಿಗಿದುಕೊಂಡವು, ಬಿಡಲಿಲ್ಲ. ಉಳಿದವರೆಲ್ಲ ಈಜಿ ಮುಗಿಸಿ ಮೇಲೆ ಹತ್ತಿದರು. ಕೊನೆಗೆ ಇಬ್ಬರು ಇಳಿದು ಅವಳನ್ನು ದಡಕ್ಕೆ ತಂದರು.

ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಐದು ವರ್ಷ ನೀರಿಗೆ ಬೀಳದವಳು ನೀರಿನಲ್ಲಿ ಹಗ್ಗಕ್ಕೆ ಜೋತುಬಿದ್ದಿರುವುದನ್ನು ಎರಡು ದಿನದಲ್ಲಿ ನಾಡೆಲ್ಲ ನೋಡಿತು. ಬಹಳ ಜನ ನಕ್ಕರು. ಅವಳು ಕಂಬ ಹತ್ತಿದಾಗ ಕೆಳಗೆ ನಿಂತವರು, ಹಗ್ಗ ಬೇಕೇನವ್ವಾ ಎಂದು ಕೇಳಿದರು. ಅವಳು ತಂತಿ ಬಿಗಿದು ಇಳಿದು ಮುಂದಿನ ಕಂಬಕ್ಕೆ ಹೋದಳು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಕೊಳದಲ್ಲಿದ್ದಳು.

ಮುಂದಿನ ವರ್ಷ ಟೀವಿಯವರು ಅವಳನ್ನು ಕರೆದರು. ಆಡುವುದು ಬೇಡ, ತೀರ್ಪುಗಾರ್ತಿಯಾಗಿ ಬಂದು ಕುಳಿತರೆ ಸಾಕು ಎಂದರು. ಆ ದಿನಗಳೂ ದೇಶದ ತಂಡಕ್ಕೆ ಮತ್ತೆ ನಡೆಯುವ ಎರಡನೆಯ ಆಯ್ಕೆಯ ದಿನಗಳೂ ಒಂದೇ ಆಗಿದ್ದವು. ಅವಳ ತಾಯಿ, ಕುರ್ಚಿ ಕೊಟ್ಟವರ ಕಡೆ ಹೋಗು ಮಗಳೇ, ಅಲ್ಲಿ ನಿನ್ನನ್ನು ನೋಡಿ ಯಾರೂ ನಗುವುದಿಲ್ಲ ಎಂದಳು. ಹುಲಿಗೆಮ್ಮ ಒಂದು ದಿನವೆಲ್ಲ ಯೋಚಿಸಿದಳು. ಟೀವಿಯವರಿಗೆ ಬರಲಾಗುವುದಿಲ್ಲ ಎಂದು ತಿಳಿಸಿದಳು.

ಎರಡನೆಯ ಆಯ್ಕೆಯಲ್ಲಿ ಅವಳು ಇನ್ನೂರು ಮೀಟರನ್ನೂ ಈಜಿದಳು. ಎಲ್ಲರಿಗಿಂತ ಹಿಂದೆ ಉಳಿದಳು, ಆದರೆ ಹಗ್ಗ ಮುಟ್ಟಲಿಲ್ಲ. ಕೊನೆಯ ಓಟದಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಮೂರನೆಯವಳಾಗಿ ತಂಡಕ್ಕೆ ಸೇರಿದಳು.

ಅಲ್ಲಿಂದ ಹೊರದೇಶಕ್ಕೆ ಹೋದಳು. ಅಲ್ಲಿ ಏಷ್ಯಾದ ದೇಶಗಳವರೆಲ್ಲ ಸೇರಿದ್ದರು. ಮೊದಲ ಐದು ಜನರಿಗೆ ಒಲಿಂಪಿಕ್ಸ್. ಅಡೆತಡೆಯ ಓಟಕ್ಕೆ ಅವಳ ಸರದಿ ಬಂದಾಗ ಬೇರೆ ದೇಶದ ಆಟಗಾರ್ತಿಯರು ತಮ್ಮ ತಯಾರಿ ಬಿಟ್ಟು ಬಂದು ನಿಂತು ನೋಡಿದರು. ಅವಳು ಬಳೆಯಿಂದ ಬಳೆಗೆ ಹಾಯ್ದಾಗ ಅವರಲ್ಲೊಬ್ಬಳು ತನಗೆ ತಿಳಿಯದೆಯೇ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳಷ್ಟು ಬೇಗ ಆ ದಿನ ಯಾರೂ ಗೋಡೆ ಹತ್ತಲಿಲ್ಲ. ಈಜಿನಲ್ಲಿ ಆ ದಿನ ಅವಳು ತನ್ನ ಬದುಕಿನಲ್ಲೇ ಎಲ್ಲಕ್ಕಿಂತ ಬೇಗ ಈಜಿದಳು. ಹಾಗಿದ್ದೂ ಕೊನೆಯಿಂದ ಎರಡನೆಯವಳು. ಅದನ್ನು ಯಾರೂ ನಿಂತು ನೋಡಲಿಲ್ಲ. ಮಾಸ್ತರರು ಇಲ್ಲಿ ಫೋನಿನಲ್ಲಿ ನೋಡುತ್ತಿದ್ದರು. ಅವಳು ಈಜಿ ಕೊಳದ ಗೋಡೆ ಮುಟ್ಟಿದಾಗ ಕುಳಿತಲ್ಲಿಂದಲೇ ಎರಡೂ ಕೈ ಜೋಡಿಸಿದರು.

ಎಲ್ಲ ಮುಗಿದಾಗ ಅವಳು ಎಂಟನೆಯವಳಾಗಿದ್ದಳು. ಒಲಿಂಪಿಕ್ಸ್‌ಗೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಆ ರಾತ್ರಿ ಅವಳು ತಾಯಿಗೆ ಫೋನು ಮಾಡಿ ಅತ್ತಳು. ಬಹಳ ಹೊತ್ತು ಅತ್ತಳು.

ಭಾನುವಾರ ಅವಳು ಊರಿಗೆ ಬಂದಳು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಮಾಸ್ತರರು ಕೊಳದ ಬಾಗಿಲು ತೆಗೆದಾಗ ಚೀಲ ಹಿಡಿದು ಹೊರಗೆ ನಿಂತಿದ್ದಳು. ಕೊಳದಿಂದ ಪಡೆದ ವಸ್ತುಗಳನ್ನು ಹಿಂದಿರುಗಿಸಲು, ಹೇಳಿ ಹೋಗಲು ಬಂದಿರಬೇಕು ಎಂದು ಮಾಸ್ತರರು ತಿಳಿದರು. ಇನ್ನು ಯಾವ ಆಯ್ಕೆಯೂ ಇಲ್ಲವಲ್ಲ, ಇಷ್ಟು ಬೇಗ ಯಾಕೆ ಬಂದೆ ಎಂದಷ್ಟೇ ಕೇಳಿದರು.

"ಬಟರ್‌ಫ್ಲೈ ಈಜು ಕಲಿಸೂದು ಬಾಕಿ ಐತಲ್ರೀ ಸರ್," ಎಂದಳು ಹುಲಿಗೆಮ್ಮ.

ಎರಡೂ ತೋಳನ್ನು ಒಟ್ಟಿಗೆ ಬೀಸುವ ಆ ಈಜು ಅವಳ ಸ್ಪರ್ಧೆಯಲ್ಲಿ ಇರಲೇ ಇಲ್ಲ. ಅದು ಬಂದರೂ ಅವಳನ್ನು ಯಾರೂ ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಮಾಸ್ತರರು ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ತಮಗಿಂತ ದೊಡ್ಡವರು ಒಳಗೆ ಬಂದಾಗ ಸರಿಯುವ ಹಾಗೆ ಸರಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕುಳಿತಿದ್ದ. ಅವನ ಕೋಪ ಇಳಿದಿತ್ತು. ಆದರೂ ಒಂದು ಮಾತು ಅವನೊಳಗೆ ಉಳಿದಿತ್ತು. ಅವಳಿಗೆ ಇನ್ನೂ ಪ್ರಾಯ, ಮೈಯಲ್ಲಿ ಕಸುವಿದೆ, ಆದ್ದರಿಂದ ಮತ್ತೆ ಮತ್ತೆ ಮೊದಲಿನಿಂದ ಕಲಿಯಬಲ್ಲಳು ಎಂದ. ಎಲ್ಲ ವಯಸ್ಸಿನಲ್ಲೂ ಅದು ಆಗುವ ಮಾತೇ ಎಂದು ಕೇಳಿದ. ಆಮೇಲೆ, ಈಗ ಅವಳು ಏನು ಮಾಡುತ್ತಿದ್ದಾಳೆ ಎಂದೂ ಕೇಳಿದ.

ಹಗಲು ಕಂಬ ಹತ್ತುತ್ತಾಳೆ ಎಂದರು ಗುರುಗಳು. ಮಾಸ್ತರರಿಗೆ ಮೊಣಕಾಲು ನೋವು, ಆದ್ದರಿಂದ ಬೆಳಿಗ್ಗೆ ಹೊಸಬರಿಗೆ ಅವಳೇ ಈಜು ಕಲಿಸುತ್ತಾಳೆ ಎಂದರು.

"ಮಕ್ಕಳಿಗೆ ತಾನೇ?" ಎಂದ ಶಿಷ್ಯ.

"ಅವಳ ಬಳಿ ಈಜು ಕಲಿಯಲು ಸೇರಿ ನನಗೆ ಇವತ್ತಿಗೆ ಹನ್ನೊಂದು ದಿನ," ಎಂದರು ಗುರುಗಳು.