ಹೊಸ ಕಾರ್ಡಿನ ವೇಗ

"ಆಡಳಿತ ಮಂಡಳಿಯವರು ಬರುವಷ್ಟರಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡೇ ವೇಗದ್ದು ಅಂತ ಬರೆದು ಸಹಿ ಹಾಕಮ್ಮ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದು ಪ್ರಿನ್ಸಿಪಾಲರು ಗದರಿದರು. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಓಡಿಸುವ ಆ ಕಾರ್ಡು ತಂದುಕೊಟ್ಟವನು ಅವರ ಭಾವಮೈದುನ.

ಲ್ಯಾಬ್ ಸಹಾಯಕಿ ಗುಣವತಿಗೆ ಮೈಯೆಲ್ಲ ಉರಿಯಿತು. ಅವಳು ಹೊಸ ಕಾರ್ಡು, ಹಳೆಯ ಕಾರ್ಡು ಎರಡರ ವೇಗವನ್ನೂ ಮೂರು ಸಲ ಅಳೆದಿದ್ದಳು. ಮೂರು ಸಲವೂ ಹಳೆಯದೇ ಮುಂದಿತ್ತು.

ಅದನ್ನು ಹೇಳಿದರೆ ಪ್ರಿನ್ಸಿಪಾಲರು, "ಅಳತೆ ಯಾಕೆ? ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ವಾ?" ಎಂದರು.

"ಹಾಗಾದರೆ ನೀವೇ ನೋಡಿ ಹೇಳಿ, ಸರ್."

ಮಂಡಳಿಯವರು ಬಂದಾಗ ಅವಳು ಒಂದು ಕಂಪ್ಯೂಟರಿಗೆ ಹೊಸ ಕಾರ್ಡು, ಇನ್ನೊಂದಕ್ಕೆ ಹಳೆಯದು ಹಾಕಿ, ಯಾವುದರಲ್ಲಿ ಯಾವುದಿದೆ ಎಂದು ಹೇಳದೆ ಎರಡರಲ್ಲೂ ಒಂದೇ ಕಾರ್ ರೇಸ್ ಆಟ ಓಡಿಸಿದಳು. ಒಂದು ತಡವರಿಸಿತು, ಇನ್ನೊಂದು ಸರಾಗವಾಗಿ ಓಡಿತು.

"ನೋಡಿ, ಇದೇ ಹೊಸದು!" ಎಂದು ಪ್ರಿನ್ಸಿಪಾಲರು ಸರಾಗವಾಗಿ ಓಡಿದ್ದನ್ನು ತೋರಿಸಿದರು.

ಗುಣವತಿ ಅದರ ಮುಚ್ಚಳ ಬಿಚ್ಚಿದಳು. ಒಳಗಿನ ಕಾರ್ಡಿನ ಮೇಲೆ ಹೋದ ವರ್ಷದ ಆಯುಧಪೂಜೆಯಲ್ಲಿ ಪ್ರಿನ್ಸಿಪಾಲರೇ ಇಟ್ಟಿದ್ದ ಕುಂಕುಮವಿತ್ತು. ಪ್ರಿನ್ಸಿಪಾಲರು ತೋರಿಸಿದ ಬೆರಳು ಹಾಗೇ ನಿಂತಿತು.

ಗುಣವತಿ ಪೆನ್ನು ಚಾಚಿದಳು. "ವರದಿ ನೀವೇ ಕೊಟ್ಟಿರಿ, ಸರ್. ಸಹಿಯನ್ನೂ ನೀವೇ ಹಾಕಿ."