ಬಾಗಿಲ ಕಂಡಿಯಲ್ಲಿ ಕೈ

ಜೀವಶಾಸ್ತ್ರ ಓದುತ್ತಿದ್ದ ಶಿಷ್ಯನೊಬ್ಬ ತನ್ನ ಮೇಷ್ಟ್ರನ್ನು ಕೇಳಿದ: “ಮೇಷ್ಟ್ರೇ, ರೈಬೋಸೋಮಿನ ಪ್ರೋಟೀನುಗಳು ತಯಾರಾಗುವುದು ಕೋಶಕೇಂದ್ರದ ಹೊರಗೆ. ಆದರೆ ಆರ್‌ಎನ್‌ಎ ಜೊತೆ ಕೂಡಿ ರೈಬೋಸೋಮ್ ಆಗಲು ಅವು ಕೋಶಕೇಂದ್ರದ ಒಳಕ್ಕೆ ಹೋಗಬೇಕು. ಅದರ ಬಾಗಿಲಲ್ಲಿ ತೋರಿಸಲು ಅವುಗಳ ಮೈಮೇಲೆ ಒಂದು ಗುರುತಿದೆ. ಕೋಶಕೇಂದ್ರವೇ ಇಲ್ಲದ ಸೂಕ್ಷ್ಮಜೀವಿಗಳಲ್ಲೂ ಅಂಥದೇ ಗುರುತು ಸಿಕ್ಕಿದೆಯಂತೆ. ಬಾಗಿಲು ಹುಟ್ಟುವ ಮೊದಲೇ ಗುರುತು ಹೇಗೆ ಬಂತು? ಇಷ್ಟು ಮುಂದಾಲೋಚನೆ ಯಾರದು?”

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಒಂದು ಗುಡ್ಡವಿತ್ತು. ಬೀಸುವ ಕಲ್ಲಿಗೆ ಹೇಳಿ ಮಾಡಿಸಿದಂಥ ಬಂಡೆ ಆ ಸೀಮೆಯಲ್ಲಿ ಅಲ್ಲಿ ಮಾತ್ರ ಸಿಗುತ್ತಿತ್ತು. ಕಲ್ಲುಕುಟಿಗರ ಮನೆಗಳು ಗುಡ್ಡದ ಕೆಳಗೆ. ಬೆಳಗಾದರೆ ಗಂಡಸರೂ ಹೆಂಗಸರೂ ಉಳಿ ಸುತ್ತಿಗೆ ಹಿಡಿದು ಗುಡ್ಡ ಹತ್ತುವರು. ಗೋಡೆಯಿಲ್ಲ, ಬಾಗಿಲಿಲ್ಲ, ಯಾರೆಂದು ಕೇಳುವವರಿಲ್ಲ. ಉಳಿ ಹಿಡಿದು ಹಿಡಿದು ಎಲ್ಲರಿಗೂ ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಚರ್ಮ ಜಡ್ಡುಗಟ್ಟಿತ್ತು. ಜಡ್ಡಿದ್ದರೆ ಉಳಿ ಜಾರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಅರ್ಥ ಆ ಜಡ್ಡಿಗೆ ಇರಲಿಲ್ಲ.

ಆ ಸೀಮೆಯ ಪಾಳೆಯಗಾರನಿಗೆ ಶತ್ರುಗಳ ಭಯ ಹತ್ತಿತು. ಗುಡ್ಡದ ಸುತ್ತ ಕೋಟೆ ಕಟ್ಟಿಸಿದ. ಕಟ್ಟಿದವರೂ ಆ ಕಲ್ಲುಕುಟಿಗರೇ. ಕೋಟೆಗೆ ಒಂದೇ ಬಾಗಿಲು. ಒಳಗೆ ಬಿಡುವುದು ಯಾರನ್ನು? ಮೊದಲು ಮುದ್ರೆ ಕೊಟ್ಟು ನೋಡಿದರು; ಮುದ್ರೆ ಕಳವಾಯಿತು. ಗುಟ್ಟಿನ ಮಾತೊಂದನ್ನು ಹೇಳಿಕೊಟ್ಟು ನೋಡಿದರು. ಹೆಂಡದಂಗಡಿಯಲ್ಲಿ ಅದು ಬಯಲಾಯಿತು. ಆಗ, ದುಡಿಯಲು ಶಕ್ತಿಯಿಲ್ಲದ ಒಬ್ಬ ಮುದುಕ ಕಲ್ಲುಕುಟಿಗ ಮುಂದೆ ಬಂದು, “ಬೇರೆ ಗುರುತು ಯಾತಕ್ಕೆ ಬುದ್ಧಿ? ಕೈ ಇದೆಯಲ್ಲ. ಜಡ್ಡನ್ನು ಯಾರೂ ಕದಿಯಲಾರರು” ಎಂದ.

ಪಾಳೆಯಗಾರ ಮೆಚ್ಚಿ ಅವನನ್ನೇ ಬಾಗಿಲಿಗೆ ಕೂರಿಸಿದ. ಕದದಲ್ಲಿ ಒಂದು ಕಂಡಿ ಕೊರೆಸಿದ. ಹೊರಗಿನವರು ಅದರಲ್ಲಿ ಎಡಗೈ ತೂರಿಸಬೇಕು. ಮುದುಕ ಒಳಗಿನಿಂದ ಮುಟ್ಟಿ ನೋಡಬೇಕು. ಮುಖ ನೋಡುವಂತಿಲ್ಲ, ಹೆಸರು ಕೇಳುವಂತಿಲ್ಲ. “ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ” ಎಂದ ಪಾಳೆಯಗಾರ. ಮುದುಕನಿಗೂ ಅದು ನ್ಯಾಯವೆನಿಸಿತು.

ಮೊದಮೊದಲು ಎಲ್ಲರಿಗೂ ಅದು ತಮಾಷೆಯೇ. “ದಿನಾ ಕೈ ಹಿಡೀತೀಯಲ್ಲ ಮಾವ, ತಾಳಿ ಯಾವತ್ತು ಕಟ್ತೀಯ?” ಎಂದು ಕಲ್ಲು ಕಡಿಯುವ ಹೆಂಗಸೊಬ್ಬಳು ಹೊರಗಿನಿಂದ ಕೂಗಿದರೆ, “ನಿನ್ನ ಗಂಡನ್ನ ಕೇಳ್ಕೊಂಡು ಬಾ, ಕಟ್ತೀನಿ. ನಡಿಯೇ ಒಳಗೆ!” ಎಂದು ಮುದುಕ ಗದರುತ್ತಿದ್ದ. ಕೆಲಸದವರಿಗೆ ಅಂಬಲಿ ಹೊತ್ತು ತರುತ್ತಿದ್ದವಳ ಕೈ ಮಾತ್ರ ಮೆತ್ತಗಿತ್ತು. ಅವಳ ಗಡಿಗೆ ಒಳಗೆ ಹೋಯಿತು, ಅವಳು ಹೋಗಲಿಲ್ಲ. ಶಾಪ ಹಾಕಿ ಗುಡ್ಡ ಇಳಿದಳು.

ಮುದುಕನಿಗೆ ಒಬ್ಬನೇ ಮಗ. ಅವನಷ್ಟು ನಯವಾಗಿ ಬೀಸುವ ಕಲ್ಲು ಕಡಿಯುವವರು ಗುಡ್ಡದಲ್ಲಿ ಇನ್ನೊಬ್ಬರಿರಲಿಲ್ಲ. ಆ ವರ್ಷ ಅವನು ಜ್ವರ ಹಿಡಿದು ಮಲಗಿದ. ಎಷ್ಟೋ ಕಾಲದ ಮೇಲೆ ಎದ್ದಾಗ ಅಂಗೈ ಸುಲಿದು ಹೊಸ ಚರ್ಮ ಬಂದಿತ್ತು. ಕಸುಬು ಕೈಯಲ್ಲೇ ಇತ್ತು, ಜಡ್ಡು ಇರಲಿಲ್ಲ. “ಅಂಗಳದಲ್ಲೇ ಕೂತು ಉಳಿ ಹಿಡಿ. ಜಡ್ಡು ಕಟ್ಟಲಿ, ಆಮೇಲೆ ಬಾ” ಎಂದ ಮುದುಕ. ಮಗ ಅಂಗಳದಲ್ಲೇ ಕಲ್ಲು ಹಾಕಿಕೊಂಡು ಕೂತ.

ಅಷ್ಟರಲ್ಲಿ ಒಂದು ದಿನ, ಜನ ಕೆಲಸಕ್ಕೆ ಹೊರಡುವ ಮೊದಲೇ, ಶತ್ರುಗಳ ಕುದುರೆಗಳು ಬಂದವು. ಕೆಳಗಿನ ಮನೆಗಳಿಗೆ ಬೆಂಕಿ ಬಿತ್ತು. ಜನ ಓಡಿ ಬಂದು ಕೋಟೆಯ ಬಾಗಿಲಿಗೆ ಮುಗಿಬಿದ್ದರು. ಕಂಡಿಯಲ್ಲಿ ಒಂದರ ಹಿಂದೆ ಒಂದು ಕೈ. ಜಡ್ಡಿದ್ದವರಿಗೆ ಬಾಗಿಲು ಒಬ್ಬೊಬ್ಬರು ನುಸುಳುವಷ್ಟು ತೆರೆಯಿತು. ಅಂಬಲಿಯವಳ ಕೈಯೂ ಬಂತು. ಮುದುಕ ಅದನ್ನು ಹೊರಕ್ಕೆ ತಳ್ಳಿದ.

ಆಮೇಲೆ ಇನ್ನೊಂದು ಕೈ ಬಂತು. ಹೆಬ್ಬೆರಳಿನ ಬುಡ ಸ್ವಲ್ಪ ಒರಟಾಗಿತ್ತು, ಅಷ್ಟೇ. ಆ ಕೈಗೆ ಮೊದಲ ಉಳಿ ಕೊಟ್ಟವನು ಮುದುಕನೇ.

“ಅಪ್ಪಾ, ನಾನು” ಎಂದಿತು ಹೊರಗಿನ ದನಿ.

“ಜಡ್ಡು ಇದೆಯೇನಯ್ಯಾ?” ಎಂದ ಪಕ್ಕದಲ್ಲಿ ಅಗುಳಿ ಹಿಡಿದು ನಿಂತಿದ್ದ ಕಾವಲಿನವನು.

ಮುದುಕ ಇನ್ನೊಮ್ಮೆ ಒತ್ತಿ ನೋಡಿದ. ಇದೆ ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಂಬಲಿಯವಳಿಗೊಂದು ನ್ಯಾಯ, ತನ್ನ ಮಗನಿಗೊಂದು ನ್ಯಾಯ ಮಾಡುವುದು ಅವನಿಂದಾಗಲಿಲ್ಲ.

“ಇಲ್ಲ” ಎಂದ.

ಇಲ್ಲವೆಂದರೂ ಆ ಕೈಯನ್ನು ಬಿಡಲಿಲ್ಲ. ಹೊರಗೆ ಗೊರಸಿನ ಸದ್ದು ಹತ್ತಿರವಾಯಿತು. ಕೂಗಾಟ ಎದ್ದಿತು, ನಿಂತಿತು. ಮುದುಕ ಹಿಡಿದುಕೊಂಡೇ ಇದ್ದ. ಕೈ ಅವನ ಕೈಯೊಳಗೇ ತಣ್ಣಗಾಯಿತು.

ಕೋಟೆ ಉಳಿಯಿತು. ಒಳಗಿದ್ದವರು ಕಲ್ಲು ಕಡಿದರು, ಮಕ್ಕಳನ್ನು ಹೆತ್ತರು, ಮಕ್ಕಳ ಕೈಗೆ ಉಳಿ ಕೊಟ್ಟರು. ಮುದುಕನ ನೆನಪೂ ಅಳಿಯಿತು. ಆಮೇಲಿನವರು ತಮ್ಮ ಅಂಗೈ ನೋಡಿಕೊಂಡು, “ಈ ಬಾಗಿಲು ತೆರೆಯಲಿ ಎಂದೇ ದೇವರು ನಮ್ಮವರ ಕೈಯಲ್ಲಿ ಜಡ್ಡು ಇಟ್ಟ” ಎಂದು ಹೇಳಿಕೊಂಡರು.

ಮೇಷ್ಟ್ರು ಕತೆ ನಿಲ್ಲಿಸಿದರು.

“ತಿಳಿಯಿತು ಮೇಷ್ಟ್ರೇ,” ಎಂದ ಶಿಷ್ಯ. “ಪ್ರೋಟೀನಿನ ಮೈಯಲ್ಲಿ ಆರ್‌ಎನ್‌ಎಯನ್ನು ಹಿಡಿಯಲೆಂದು ಇದ್ದ ಭಾಗವನ್ನೇ ಬಾಗಿಲು ಆಮೇಲೆ ಗುರುತು ಮಾಡಿಕೊಂಡಿತು. ಆದರೂ, ಬೇಕಾದದ್ದು ಮೊದಲೇ ಕೈಯಲ್ಲಿತ್ತಲ್ಲ. ಅದು ಭಾಗ್ಯವಲ್ಲವೇ?”

ಮೇಷ್ಟ್ರು ಕನ್ನಡಕ ಹಾಕಿಕೊಂಡರು.

“ಭಾಗ್ಯ ಎನ್ನುವವರೆಲ್ಲ ಬಾಗಿಲಿನ ಒಳಗಿರುವವರೇ ಕಣಯ್ಯಾ” ಎಂದರು.